ಹೃದಯದ ಸಂಕೋಚನ ಮತ್ತು ವ್ಯಾಕೋಚನ – ಸಾರ್ವಜನಿಕರಿಗೆ ಮಾಹಿತಿ

ವೈದ್ಯಕೀಯ ತಪಾಸಣೆಯ ಚೀಟಿಯಲ್ಲಿ ನಾಡಿಬಡಿತ ಹಾಗೂ ರಕ್ತದೊತ್ತಡವನ್ನು ನಮೂದಿಸಲಾಗುತ್ತದೆ. ಈ ಅಂಕಿಗಳು ಹೃದಯದ ಕೆಲಸ ಮತ್ತು ವಿಶ್ರಾಂತಿ ಎರಡನ್ನೂ ಸೂಚಿಸುತ್ತವೆ.

ರಚನೆ:
ಹೃದಯವು ಸುಮಾರು ಮುಷ್ಟಿಯ ಗಾತ್ರದ ಸ್ನಾಯುವಿನ ಅಂಗವಾಗಿದ್ದು, ಮೇಲ್ಭಾಗದಲ್ಲಿ ಎರಡು ಹೃತ್ಕರ್ಣಗಳನ್ನೂ ಕೆಳಭಾಗದಲ್ಲಿ ಎರಡು ಹೃತ್ಕುಕ್ಷಿಗಳನ್ನೂ ಹೊಂದಿರುತ್ತದೆ. ಬಲಭಾಗವು ರಕ್ತವನ್ನು ಶ್ವಾಸಕೋಶಗಳಿಗೂ, ಎಡಭಾಗವು ಶರೀರದ ಇತರ ಭಾಗಗಳಿಗೂ ಕಳುಹಿಸುತ್ತದೆ.

ಬಡಿತದ ಹಂತಗಳು:
1. ಬಲ ಹೃತ್ಕರ್ಣದಲ್ಲಿ ಹುಟ್ಟುವ ವಿದ್ಯುತ್ ಸಂಕೇತದಿಂದ ಎರಡೂ ಹೃತ್ಕರ್ಣಗಳು ಸಂಕುಚಿಸಿ, ಉಳಿದ ರಕ್ತವನ್ನು ಹೃತ್ಕುಕ್ಷಿಗಳಿಗೆ ತಳ್ಳುತ್ತವೆ.
2. ಅನಂತರ ಹೃತ್ಕುಕ್ಷಿಗಳು ಸಂಕುಚಿಸುತ್ತವೆ. ಹೃತ್ಕರ್ಣಗಳ ಕಡೆಯ ಕವಾಟಗಳು ಮುಚ್ಚಿ ಮೊದಲ ಶಬ್ದ ಉಂಟಾಗುತ್ತದೆ. ಪ್ರತಿ ಹೃತ್ಕುಕ್ಷಿಯಿಂದ ಸುಮಾರು 70 ಮಿ.ಲೀ. ರಕ್ತ ಹೊರಹೋಗುತ್ತದೆ.
3. ಹೃತ್ಕುಕ್ಷಿಗಳು ಸಡಿಲಗೊಂಡಾಗ ಅಪಧಮನಿಗಳ ಕಡೆಯ ಕವಾಟಗಳು ಮುಚ್ಚಿ ಎರಡನೆಯ ಶಬ್ದ ಕೇಳಿಸುತ್ತದೆ. ಮುಂದಿನ ಬಡಿತಕ್ಕೆ ಬೇಕಾದ ರಕ್ತದ ಬಹುಪಾಲು ಈ ಹಂತದಲ್ಲಿಯೇ ತುಂಬಿಕೊಳ್ಳುತ್ತದೆ.

ವಿಶ್ರಾಂತಿಯ ಮಹತ್ವ:
ನಿಮಿಷಕ್ಕೆ 75 ಬಡಿತಗಳಿದ್ದಲ್ಲಿ ಒಂದು ಬಡಿತದ ಅವಧಿ 0.8 ಸೆಕೆಂಡು. ಇದರಲ್ಲಿ ಹೃತ್ಕುಕ್ಷಿಗಳ ಸಂಕೋಚನಕ್ಕೆ ಸುಮಾರು 0.3 ಸೆಕೆಂಡು, ವ್ಯಾಕೋಚನಕ್ಕೆ ಸುಮಾರು 0.5 ಸೆಕೆಂಡು ತಗಲುತ್ತದೆ. ಸಂಕೋಚನದ ವೇಳೆ ಬಿಗಿಯಾದ ಸ್ನಾಯುವು ತನ್ನೊಳಗಿನ ರಕ್ತನಾಳಗಳನ್ನು ಒತ್ತುವುದರಿಂದ, ಎಡ ಹೃತ್ಕುಕ್ಷಿಯ ಸ್ನಾಯುವಿಗೆ ಬೇಕಾದ ರಕ್ತವು ಮುಖ್ಯವಾಗಿ ವ್ಯಾಕೋಚನದ ಕಾಲದಲ್ಲಿ ದೊರೆಯುತ್ತದೆ. ಬಡಿತ ತೀವ್ರವಾದಂತೆ ಸಂಕೋಚನಕ್ಕಿಂತ ಈ ವಿಶ್ರಾಂತಿಯ ಅವಧಿಯೇ ಹೆಚ್ಚಾಗಿ ಕಡಿತಗೊಳ್ಳುತ್ತದೆ. ಆದ್ದರಿಂದ ವಯಸ್ಕರಲ್ಲಿ ವಿಶ್ರಾಂತ ಸ್ಥಿತಿಯಲ್ಲಿಯೂ ನಾಡಿಬಡಿತವು ಪದೇ ಪದೇ 100ಕ್ಕಿಂತ ಹೆಚ್ಚಿದ್ದಲ್ಲಿ ವೈದ್ಯರ ಸಲಹೆ ಪಡೆಯುವುದು ಅವಶ್ಯಕ.

ರಕ್ತದೊತ್ತಡದ ಎರಡು ಅಂಕಿಗಳು:
120/80 ಎಂಬುದರಲ್ಲಿ ಮೊದಲನೆಯದು ಸಂಕೋಚನದ, ಎರಡನೆಯದು ವ್ಯಾಕೋಚನದ ಒತ್ತಡವಾಗಿದೆ. ಬೇರೆ ಬೇರೆ ದಿನಗಳ ತಪಾಸಣೆಯಲ್ಲಿ ಮೊದಲ ಅಂಕಿ 140 ಅಥವಾ ಹೆಚ್ಚು, ಇಲ್ಲವೇ ಎರಡನೆಯದು 90 ಅಥವಾ ಹೆಚ್ಚು ಕಂಡುಬಂದಲ್ಲಿ ಅದನ್ನು ಅಧಿಕ ರಕ್ತದೊತ್ತಡವೆಂದು ಪರಿಗಣಿಸಲಾಗುತ್ತದೆ. ಅನೇಕರಲ್ಲಿ ಇದರ ಯಾವುದೇ ಲಕ್ಷಣಗಳು ಕಾಣಿಸಿಕೊಳ್ಳುವುದಿಲ್ಲವಾದ್ದರಿಂದ ತಪಾಸಣೆಯೇ ಪತ್ತೆಯ ಮಾರ್ಗವಾಗಿರುತ್ತದೆ. ವೈದ್ಯರು ಸೂಚಿಸಿದ ಔಷಧಿಯನ್ನು ಸ್ವತಃ ನಿಲ್ಲಿಸತಕ್ಕದ್ದಲ್ಲ.

ಸೂಚನೆ:
ಎದೆಯಲ್ಲಿ ಒತ್ತಿದಂತಹ ನೋವು, ತೋಳು ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು, ಉಸಿರಾಟದ ತೊಂದರೆ ಕಂಡುಬಂದಲ್ಲಿ ಕಾಯದೆ 108ಕ್ಕೆ ಕರೆ ಮಾಡತಕ್ಕದ್ದು.