ಕೆಸರಿನ ಸೈಕಲ್ಲು, ಕಲ್ಯಾಣದ ಮಲ್ಲರು, ಹಳೇಬೀಡಿನ ಕಂಬ

ಬೆಲ್ಜಿಯಮ್ಮಿನಲ್ಲಿರುವ ನನ್ನ ಗೆಳೆಯನೊಬ್ಬನಿಗೆ ಚಳಿಗಾಲ ಬಂತೆಂದರೆ ಒಂಥರಾ ಹುಚ್ಚು. ಆಗ ಅಲ್ಲಿ ಸೈಕ್ಲೋಕ್ರಾಸ್ ರೇಸುಗಳ ಸುಗ್ಗಿ. ಉಳುಮೆ ಮಾಡಿಟ್ಟ ಗದ್ದೆಯಂಥ ಕೆಸರು, ಮರಳು, ಮೆಟ್ಟಿಲು, ದಾರಿಗೆ ಅಡ್ಡ ನಿಲ್ಲಿಸಿದ ಹಲಗೆ, ಇವೆಲ್ಲದರ ಮೇಲೆ ಸೈಕಲ್ ಓಡಿಸಬೇಕು. ಪೆಡಲ್ ತುಳಿಯಲು ಆಗದ ಕಡೆ ಇಳಿದು, ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಓಡಬೇಕು. ದೊಡ್ಡವರ ಪಂದ್ಯ ಹೆಚ್ಚೂ ಕಡಿಮೆ ಒಂದು ಗಂಟೆಯದು. ಅಷ್ಟರಲ್ಲೇ ಮನುಷ್ಯ ಯಾರು, ಸೈಕಲ್ ಯಾವುದು ಅಂತ ಗುರುತು ಸಿಗದ ಹಾಗೆ ಆಗಿರುತ್ತದಂತೆ.

ಈ ಸಲ ಅವನೂ ತನ್ನ ಕ್ಲಬ್ಬಿನ ಚಾಂಪಿಯನ್‌ಶಿಪ್ಪಿಗೆ ತಯಾರಾಗುತ್ತಿದ್ದಾನೆ. ಮೊನ್ನೆ ಮೇಲ್ ಮಾಡಿ, "ಮೈ ಹೇಗೋ ತಯಾರಾಗ್ತಿದೆ ಮಾರಾಯ, ಮನಸ್ಸೇ ಆಗ್ತಿಲ್ಲ. ಹಳೇಬೀಡು, ಹೊಯ್ಸಳರು ಅಂತ ತಲೆ ತಿಂತೀಯಲ್ಲ, ನಮ್ಮ ಹಳಬರು ಇದಕ್ಕೆ ಏನು ಮಾಡ್ತಿದ್ರು ಹೇಳು" ಅಂದ. ತಮಾಷೆಗೆ ಕೇಳಿದ್ದೇನೋ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅವನಿಗೆ ಬರೆಯಹೊರಟಿದ್ದು ಉದ್ದವಾಗಿ ಇಲ್ಲಿಗೆ ಬಂದು ಕೂತಿದೆ.

ಮೊದಲು ಈ ಆಟದ ಹುಟ್ಟನ್ನೇ ನೋಡಿ. ಸೈಕ್ಲೋಕ್ರಾಸ್ ಹುಟ್ಟಿದ್ದು ಪಂದ್ಯವಾಗಿ ಅಲ್ಲ, ಇನ್ನೊಂದು ಪಂದ್ಯದ ತಯಾರಿಯಾಗಿ. ಯುರೋಪಿನಲ್ಲಿ ರಸ್ತೆಯ ರೇಸುಗಳು ನಡೆಯುವುದು ಮುಖ್ಯವಾಗಿ ವಸಂತದಿಂದ ಶರತ್ಕಾಲದವರೆಗೆ. ಚಳಿಗಾಲದಲ್ಲಿ ಮನೆಯಲ್ಲಿ ಕೂತರೆ ಮೈ ಜಡ್ಡುಗಟ್ಟುತ್ತದೆ. ಅದಕ್ಕೇ ಸವಾರರು ಹೊಲ, ಕಾಡು, ಬೇಲಿ ದಾಟಿಕೊಂಡು ಸೈಕಲ್ ಓಡಿಸತೊಡಗಿದರು. 1902ರಲ್ಲಿ ಫ್ರಾನ್ಸಿನ ಸೈನಿಕ ಡೇನಿಯಲ್ ಗುಸ್ಸೋ ಅಲ್ಲಿನ ಮೊದಲ ರಾಷ್ಟ್ರೀಯ ಪಂದ್ಯ ಏರ್ಪಡಿಸಿದ. 1910ರಲ್ಲಿ ಟೂರ್ ದ ಫ್ರಾನ್ಸ್ ಗೆದ್ದ ಆಕ್ಟಾವ್ ಲಪೀಝ್, ತನ್ನ ಗೆಲುವಿಗೆ ಚಳಿಗಾಲದ ಈ ಕೆಸರಿನ ಓಟವೂ ಕಾರಣ ಅಂದ ಮೇಲೆ ಎಲ್ಲರ ಕಣ್ಣೂ ಇದರ ಮೇಲೆ ಬಿತ್ತು. ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು 1950ರಲ್ಲಿ, ಪ್ಯಾರಿಸ್ಸಿನಲ್ಲಿ. ಗೆದ್ದವನು ಜಾನ್ ರೋಬಿಕ್. ತಾಲೀಮೇ ಬೆಳೆದು ಪಂದ್ಯವಾದ ಕಥೆ ಇದು.

ನಮ್ಮಲ್ಲೂ ಋತುವಿಗೆ ತಕ್ಕ ಲೆಕ್ಕ ಇತ್ತು. ಏನು ವ್ಯತ್ಯಾಸ ಅಂದರೆ, ಅವರಿಗೆ ಕೈ ಕಟ್ಟಿಹಾಕುತ್ತಿದ್ದದ್ದು ಹಿಮ, ನಮಗೆ ಮಳೆ. ಮಳೆಗಾಲದಲ್ಲಿ ಹೊಳೆ ತುಂಬಿ ದಂಡು ಹೋಗಲು ದಾರಿಯೇ ಇರುತ್ತಿರಲಿಲ್ಲ. ಮಳೆ ನಿಂತು ಮಹಾನವಮಿ ಬಂದಾಗ ಆಯುಧ ಪೂಜೆ, ವಿಜಯದಶಮಿ. ಅಲ್ಲಿಂದ ಮುಂದೆ ದಂಡಯಾತ್ರೆಯ ಕಾಲ. ಈಗಲೂ ದಸರಾ ಅಂದರೆ ಕುಸ್ತಿ ನೆನಪಾಗುವುದು ಸುಮ್ಮನೆ ಅಲ್ಲ.

ಸರಿ, ಮೈ ತಯಾರಿಯ ವಿಷಯಕ್ಕೆ ಬರೋಣ. ಇದಕ್ಕೆ ನಮ್ಮಲ್ಲಿ ಪಕ್ಕಾ ಪುಸ್ತಕವೇ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದ ಮೊದಲರ್ಧದಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'. ಐದು ವಿಂಶತಿ, ಒಂದೊಂದರಲ್ಲಿ 20 ಅಧ್ಯಾಯ, ಒಟ್ಟು 100. ಅಡುಗೆಯಿಂದ ಆನೆಯವರೆಗೆ ಏನು ಬೇಕೋ ಅದು ಇದೆ. ಇಡ್ಲಿಯ ಪೂರ್ವಜನನ್ನು ಹುಡುಕುವವರೆಲ್ಲ ಹೋಗಿ ನಿಲ್ಲುವುದೂ ಇದೇ ಪುಸ್ತಕದ ಬಾಗಿಲಲ್ಲಿ! ಅದೇ ಹೊತ್ತಿಗೆ ನಮ್ಮ ದೋರಸಮುದ್ರದಲ್ಲಿ, ಅಂದರೆ ಇವತ್ತಿನ ಹಳೇಬೀಡಿನಲ್ಲಿ, ಆಳುತ್ತಿದ್ದವನು ವಿಷ್ಣುವರ್ಧನ. ಹೆಸರಿಗೆ ಚಾಲುಕ್ಯರ ಸಾಮಂತ, ಒಳಗೆ ಸ್ವತಂತ್ರನಾಗುವ ಆಸೆ. ಹೊಯ್ಸಳೇಶ್ವರ ಗುಡಿಯ ಕೆಲಸ ಶುರುವಾದದ್ದು ಅವನ ಕಾಲದಲ್ಲೇ, 1121ರ ಸುಮಾರಿಗೆ.

ಮಾನಸೋಲ್ಲಾಸದಲ್ಲಿ 'ಮಲ್ಲವಿನೋದ' ಅಂತ ಒಂದು ಅಧ್ಯಾಯ ಇದೆ. ಅದರಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವರ್ಗ ಮಾಡಲಾಗಿದೆ. ಜ್ಯೇಷ್ಠಿಕ, ಅಂತರ್ಜ್ಯೇಷ್ಠಿಕ, ಗೋವಳ ಹೀಗೆ. ಇನ್ನೂ ಬೆಳೆಯುತ್ತಿರುವ ಹುಡುಗನಿಗೆ 'ಭವಿಷ್ಣು' ಅನ್ನುವ ಹೆಸರು. ಆಗಲಿರುವವನು ಅಂತ ಅರ್ಥ. ಎಷ್ಟು ಚೆಂದದ ಹೆಸರು ನೋಡಿ!

ಇನ್ನು ಅಭ್ಯಾಸಗಳು. ಭಾರ ಎತ್ತುವುದು ಭಾರಶ್ರಮ. ಬೆಳಗಿನ ನಡಿಗೆ ಭ್ರಮಣಶ್ರಮ. ನೀರಿಗಿಳಿದು ಈಜುವುದು ಸಲಿಲಶ್ರಮ. ತೋಳಿಗೆ ತೋಳು ಕೊಟ್ಟು ನೂಕುವುದು ಬಾಹುಪೆಲ್ಲಣ. ಕಂಬವನ್ನು ಹಿಡಿದು ಮಾಡುವುದು ಸ್ತಂಭಶ್ರಮ. ನಾವು ಮಲ್ಲಕಂಬ ಅನ್ನುವುದರ ಹಳೆಯ ರೂಪ ಇದೇ ಅಂತ ಹೇಳುತ್ತಾರೆ. ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಒಳ್ಳೆಯ ಸಿಹಿತಿಂಡಿ, ಇವನ್ನು ಒದಗಿಸುವುದು ದೊರೆಯ ಜವಾಬ್ದಾರಿ. ಮಲ್ಲರು ಹೆಂಗಸರಿಂದ ದೂರ ಇರಬೇಕು, ಪೂರ್ತಿ ಗಮನ ಮೈ ಬೆಳೆಸುವುದರ ಮೇಲೇ ಇರಬೇಕು.

ಇದನ್ನು ಇವತ್ತಿನ ಸೈಕಲ್ ಸವಾರನ ಪಕ್ಕ ಇಟ್ಟು ನೋಡಿ. ಅವನೂ ಓಡುತ್ತಾನೆ, ಭಾರ ಎತ್ತುತ್ತಾನೆ, ಸೈಕಲ್ ಹೆಗಲಿಗೇರಿಸಿ ಮೆಟ್ಟಿಲು ಹತ್ತುತ್ತಾನೆ. ಹಿಂದಿನ ದಿನವೇ ದಾರಿ ಸುತ್ತಿ, ಯಾವ ತಿರುವಿನಲ್ಲಿ ಕೆಸರು ಆಳ, ಎಲ್ಲಿ ಇಳಿಯಬೇಕು ಅಂತ ಗುರುತು ಮಾಡಿಕೊಳ್ಳುತ್ತಾನೆ. ಪಂದ್ಯದ ವಾರ ಕಸರತ್ತು ಕಡಿಮೆ ಮಾಡಿ ಮೈಗೆ ಬಿಡುವು ಕೊಡುತ್ತಾನೆ. ಶುರುವಾಗುವ ಮುಂಚೆ ಚಳಿಯಲ್ಲೇ ಬೆವರು ಬರುವಷ್ಟು ಮೈ ಬಿಸಿ ಮಾಡಿಕೊಳ್ಳುತ್ತಾನೆ. ಒಂಬೈನೂರು ವರ್ಷಗಳಲ್ಲಿ ಮೂಲ ವಿಷಯ ಅಷ್ಟೇನೂ ಬದಲಾಗಿಲ್ಲ. ಊಟ, ನಿದ್ದೆ, ಭಾರ, ಉಸಿರು, ಶಿಸ್ತು.

ಆದರೆ ಗೆಳೆಯ ಕೇಳಿದ್ದು ಮನಸ್ಸಿನ ಬಗ್ಗೆ. ಅದಕ್ಕೆ ಉತ್ತರ ಹುಡುಕಲು ಪುಸ್ತಕ ಮುಚ್ಚಿಟ್ಟು ಹಳೇಬೀಡಿಗೇ ಹೋಗಬೇಕು.

ಹೊಯ್ಸಳೇಶ್ವರ ಗುಡಿಗೆ ಹೋದವರು ಸಾಮಾನ್ಯವಾಗಿ ಗೋಡೆಯ ಆನೆ ಸಾಲು, ಸಿಂಹದ ಸಾಲು, ಕುದುರೆ ಸವಾರರ ಸಾಲು, ಮೇಲಿನ ರಾಮಾಯಣ ಮಹಾಭಾರತ ನೋಡುತ್ತಾ ಸುತ್ತು ಹಾಕಿ, ನಂದಿಯ ಮುಂದೆ ಫೋಟೋ ತೆಗೆಸಿಕೊಂಡು ಹೊರಡುತ್ತಾರೆ. ಅದೇ ಆವರಣದಲ್ಲಿ ಒಂದು ಕಂಬ ಇದೆ. ಅದರ ಮೇಲಿನ ಚಿಕ್ಕ ಚಿಕ್ಕ ಆಕೃತಿಗಳನ್ನು ಹತ್ತಿರ ಹೋಗಿ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ವೀರರು ಕತ್ತಿ ಹಿಡಿದು ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿದ್ದಾರೆ.

ಇದು ಕುವರ ಲಕ್ಷ್ಮನ ಕಂಬ. ಲಕ್ಷ್ಮ ಇಮ್ಮಡಿ ವೀರಬಲ್ಲಾಳನ ದಂಡನಾಯಕ. 'ಗರುಡ' ಅನ್ನುವ ಪಂಗಡಕ್ಕೆ ಸೇರಿದವನು. ವಿಷ್ಣುವಿಗೆ ಗರುಡ ಹೇಗೋ ದೊರೆಗೆ ಇವರು ಹಾಗೆ. ದೊರೆ ಇರುವ ತನಕ ಅವನ ಮೈಗಾವಲು, ದೊರೆ ಸತ್ತರೆ ತಾವೂ ಇರುವುದಿಲ್ಲ ಅನ್ನುವ ಭಾಷೆ. 1220ರಲ್ಲಿ ಬಲ್ಲಾಳ ತೀರಿಕೊಂಡಾಗ ಲಕ್ಷ್ಮ ತನ್ನ ಹೆಂಡತಿ ಮತ್ತು ಜೊತೆಯ ವೀರರೊಂದಿಗೆ ಆ ಭಾಷೆ ತೀರಿಸಿದ. ಅದನ್ನು ಹೇಳುವ ಹಳಗನ್ನಡ ಶಾಸನ ಅದೇ ಕಂಬದ ಮೇಲಿದೆ. ಇವನೊಬ್ಬನೇ ಅಂತಲೂ ಅಲ್ಲ. ಕೆ.ಆರ್.ಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯ ಕಂಬಗಳು, ಒಂದೇ ಮನೆತನದವರು ತಲೆಮಾರಿನಿಂದ ತಲೆಮಾರಿಗೆ ಹೊಯ್ಸಳ ದೊರೆಗಳ ಗರುಡರಾಗಿ ಸತ್ತದ್ದನ್ನು ಹೇಳುತ್ತವೆ.

ಮನಸ್ಸಿನ ತಯಾರಿ ಅಂದರೆ ಇದಕ್ಕಿಂತ ದೊಡ್ಡದು ಯಾವುದಿದೆ? ಸಾವನ್ನೇ ಮೊದಲೇ ಒಪ್ಪಿಕೊಂಡವನಿಗೆ ಮತ್ತೆ ಯಾವ ಹೆದರಿಕೆ? ಅಳುಕಿಲ್ಲ, ಲೆಕ್ಕಾಚಾರ ಇಲ್ಲ. "ಗೆಲ್ಲು ಇಲ್ಲವೇ ಸಾಯಿ" ಅಂತ ಇವತ್ತಿಗೂ ಆಟಗಾರರಿಗೆ ಹೇಳುವ ಕೋಚುಗಳಿದ್ದಾರಲ್ಲ, ಅವರ ಮಾತಿನ ಮೂಲ ಇಲ್ಲೇ ಎಲ್ಲೋ ಇರಬೇಕು. ಗೆಳೆಯನಿಗೆ ಈ ಕಂಬದ ಫೋಟೋ ಕಳಿಸಿ "ತಗೋ, ಇದೇ ಉತ್ತರ" ಅನ್ನಬಹುದಿತ್ತು.

ಆದರೆ ಹಾಗನ್ನಲು ನನಗೆ ಮನಸ್ಸು ಬರಲಿಲ್ಲ. ಯಾಕೆಂದರೆ ಅದೇ ಹಳೇಬೀಡಿನಲ್ಲಿ ಇನ್ನೊಂದು ಕಥೆ ಇದೆ. ಅದಕ್ಕೆ ಕಂಬ ಇಲ್ಲ.

1311ರ ಫೆಬ್ರವರಿ. ದೆಹಲಿಯ ಅಲ್ಲಾವುದ್ದೀನ್ ಖಿಲ್ಜಿಯ ಸೇನಾಪತಿ ಮಲಿಕ್ ಕಾಫೂರ್ ದೋರಸಮುದ್ರದ ಬಾಗಿಲಿಗೆ ಬಂದ. ಮುಮ್ಮಡಿ ಬಲ್ಲಾಳ ಆಗ ತಮಿಳು ಸೀಮೆಯಲ್ಲಿದ್ದ. ಅಲ್ಲಿ ಪಾಂಡ್ಯ ಅಣ್ಣತಮ್ಮಂದಿರು ಪಟ್ಟಕ್ಕಾಗಿ ಕಿತ್ತಾಡುತ್ತಿದ್ದರು, ಇವನಿಗೆ ಕಳೆದುಕೊಂಡ ನೆಲ ವಾಪಸು ಪಡೆಯುವ ಆಸೆ. ಸುದ್ದಿ ತಿಳಿದು ಓಡೋಡಿ ಬಂದ. ಬಂದು ನೋಡಿದರೆ ಗೆಲ್ಲುವ ಸ್ಥಿತಿ ಇಲ್ಲ. ಏನು ಮಾಡಿದ? ಸಂಧಿ ಮಾಡಿಕೊಂಡ. ಆನೆ, ಕುದುರೆ, ಭಂಡಾರ ಕೊಟ್ಟ. ಮಗ ವಿರೂಪಾಕ್ಷ ಬಲ್ಲಾಳನನ್ನು ದೆಹಲಿಗೆ ಕಳಿಸಿದ. ಆ ಹುಡುಗ 1313ರಲ್ಲಿ ವಾಪಸು ಬಂದ.

ಗರುಡರ ಕಣ್ಣಿನಿಂದ ನೋಡಿದರೆ ಇದು ಅವಮಾನವೇ ಸರಿ. ಆದರೆ ಅದಾದ ಮೇಲೆ ಬಲ್ಲಾಳ ಸುಮಾರು 30 ವರ್ಷ ಆಳಿದ. ಮತ್ತೆ ಪೆಟ್ಟು ತಿಂದ, ರಾಜಧಾನಿ ಬಿಟ್ಟು ತಿರುವಣ್ಣಾಮಲೈಯಲ್ಲಿ ನೆಲೆ ನಿಂತ, ಮತ್ತೆ ದಂಡು ಕಟ್ಟಿದ. 1340ರ ದಶಕದ ಆರಂಭದಲ್ಲಿ, ಮುಪ್ಪಿನಲ್ಲಿ, ಮಧುರೆಯ ಸುಲ್ತಾನನ ವಿರುದ್ಧ ಹೋರಾಡಿ ಸೆರೆಸಿಕ್ಕಿ ಸತ್ತ. ಹೆದರುಪುಕ್ಕಲ ಅಂತ ಅವನನ್ನು ಯಾರೂ ಅನ್ನಲಾರರು. ಆ ಒಂದು ದಿನ ಸೋಲನ್ನು ಒಪ್ಪಿಕೊಂಡದ್ದರಿಂದಲೇ ಅವನಿಗೆ ಮುಂದಿನ 30 ವರ್ಷ ಸಿಕ್ಕಿತು.

ನನ್ನ ಪ್ರಕಾರ ಆಟಗಾರನಿಗೆ ಬೇಕಾದದ್ದು ಲಕ್ಷ್ಮನ ಮನಸ್ಸಲ್ಲ, ಬಲ್ಲಾಳನ ಮನಸ್ಸು. ಲಕ್ಷ್ಮನ ಮನಸ್ಸಿಗೆ ನಾಳೆ ಅನ್ನುವುದಿಲ್ಲ. ಸೈಕ್ಲೋಕ್ರಾಸಿನಲ್ಲಿ ಎಂಥವನೂ ಬೀಳುತ್ತಾನೆ, ಚೈನಿಗೆ ಕೆಸರು ಕಚ್ಚಿಕೊಳ್ಳುತ್ತದೆ, ಮುಂದಿದ್ದವನು ಅರೆಗಳಿಗೆಯಲ್ಲಿ ಹತ್ತು ಜನರ ಹಿಂದಾಗುತ್ತಾನೆ. ಬಿದ್ದೇ ಬೀಳುತ್ತೇನೆ ಅಂತ ಮೊದಲೇ ಒಪ್ಪಿಕೊಂಡು, ಬಿದ್ದಾಗ ಎದ್ದು ಸೈಕಲ್ ಎತ್ತಿಕೊಳ್ಳುವುದು ಹೇಗೆ ಅಂತ ಮನಸ್ಸಿನಲ್ಲೇ ಹತ್ತು ಸಲ ಓಡಿಸಿ ನೋಡಿಕೊಂಡವನಿಗೆ ಬಿದ್ದದ್ದು ದೊಡ್ಡ ವಿಷಯವಲ್ಲ. ಗೆಲ್ಲದಿದ್ದರೆ ಬದುಕೇ ಇಲ್ಲ ಅಂದುಕೊಂಡು ಹೋದವನಿಗೆ ಮೊದಲ ತಿರುವಿನ ಬೀಳುವಿಕೆಯಲ್ಲೇ ಪಂದ್ಯ ಮುಗಿದುಹೋಗಿರುತ್ತದೆ.

ನಮ್ಮ ಹಳಬರಿಗೂ ಈ ವ್ಯತ್ಯಾಸ ಗೊತ್ತಿತ್ತು ಅನ್ನಿಸುತ್ತದೆ. ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ನಡೆಯುವ ಜಟ್ಟಿ ಕಾಳಗವನ್ನೇ ತೆಗೆದುಕೊಳ್ಳಿ. ತಲೆ ಬೋಳಿಸಿಕೊಂಡು, ಕೈಗೆ ವಜ್ರಮುಷ್ಟಿ ತೊಟ್ಟು ಇಳಿಯುತ್ತಾರೆ. ನೋಡಲು ಭಯಂಕರ. ಆದರೆ ಎದುರಾಳಿಯ ತಲೆಯಿಂದ ಒಂದು ಹನಿ ರಕ್ತ ಬಂದರೆ ಸಾಕು, ಕಾಳಗ ನಿಂತುಬಿಡುತ್ತದೆ. ಕೆಲವೇ ಕ್ಷಣಗಳ ಕೆಲಸ. ಯುದ್ಧದ ಎಲ್ಲ ಗತ್ತೂ ಇದೆ, ಆದರೆ ಇಬ್ಬರೂ ಮನೆಗೆ ನಡೆದುಕೊಂಡು ಹೋಗುತ್ತಾರೆ. ಮಲ್ಲವಿನೋದದಲ್ಲೂ ಅಷ್ಟೇ, ಹೆಸರಿನಲ್ಲೇ 'ವಿನೋದ' ಇದೆಯಲ್ಲ. ಬೆಳೆಯುವ ಹುಡುಗನನ್ನು 'ಆಗಲಿರುವವನು' ಅಂತ ಕರೆಯುವ ಮನಸ್ಸಿಗೆ ಅವನು ಇವತ್ತು ಸೋಲಬಹುದು ಅನ್ನುವುದೂ ಗೊತ್ತಿರುತ್ತದೆ.

ಲಕ್ಷ್ಮನನ್ನು ಹಗುರ ಮಾಡಬೇಕು ಅಂತ ಇದನ್ನು ಬರೆದದ್ದಲ್ಲ. ಅವನ ಕಾಲ, ಅವನ ಭಾಷೆ, ಅವನ ಅನ್ನದ ಋಣ ಬೇರೆ. ಅದನ್ನು ತೂಗಲು ನನ್ನ ಹತ್ತಿರ ತಕ್ಕಡಿ ಇಲ್ಲ. ಆದರೆ ಅವನ ಜೊತೆಗೆ ಸತ್ತ ಹೆಂಡತಿಯನ್ನು, ಸಂಗಡಿಗರನ್ನು ನೆನೆದಾಗ, ಅವರಲ್ಲಿ ಎಷ್ಟು ಜನ ಮನಸಾರೆ ತಯಾರಾಗಿದ್ದರು ಅನ್ನುವ ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹಳೇಬೀಡಿಗೆ ಹೋದರೆ ಗೋಡೆ ನೋಡಿ ಸುಸ್ತಾದ ಮೇಲೂ ಒಂದೈದು ನಿಮಿಷ ಉಳಿಸಿಕೊಂಡು ಆ ಕಂಬದ ಹತ್ತಿರ ಹೋಗಿ ಬನ್ನಿ. ನಿಮ್ಮ ಊರಿನ ಕಡೆ ಗರುಡಗಂಬ ಇದ್ದರೆ, ಹಳೆಯ ಗರಡಿಮನೆಯ ತಾಲೀಮಿನ ಬಗ್ಗೆ ಅಜ್ಜಂದಿರು ಹೇಳಿದ್ದು ನೆನಪಿದ್ದರೆ, ಕೆಳಗೆ ಬರೆಯಿರಿ. ಅದರಲ್ಲೂ ಸೋತ ಪೈಲ್ವಾನರ ಕಥೆ ಇದ್ದರೆ ಖಂಡಿತ ಬರೆಯಿರಿ. ಗೆದ್ದವರದ್ದು ಹೇಗೂ ಎಲ್ಲರೂ ಹೇಳುತ್ತಾರೆ.