ಬಂಡಿಯ ಭಾರ, ಬಂಡಿ ಹೊಡೆದವರು

ನಾಗಸಂದ್ರದಲ್ಲಿ ನಾನು ನೆಲೆಸಿ ಮೂವತ್ತು ವರ್ಷಗಳಾದವು. ತುಮಕೂರು ರಸ್ತೆ ನಮ್ಮ ಮನೆಯಿಂದ ಕೂಗಳತೆಯ ದೂರ. ಪುಣೆ, ಮುಂಬಯಿಗಳಿಗೆ ಹೋಗುವ ಈ ಹೆದ್ದಾರಿಗೆ ಹಿಂದೆ 4 ಎಂಬ ಸಂಖ್ಯೆಯಿತ್ತು, ಈಗ 48. ಪೀಣ್ಯದ ಕಾರ್ಖಾನೆಗಳು ಬೇಡುವ ಉಕ್ಕಿನ ಸುರುಳಿ, ತಗಡು, ಸಲಾಕಿಗಳೂ ಅವು ತಯಾರಿಸಿ ಕಳಿಸುವ ಯಂತ್ರಗಳೂ ಪಕ್ಕಕ್ಕೆ ಗೋಡೆಯಿಲ್ಲದ, ಮೇಲೆ ಚಾವಣಿಯಿಲ್ಲದ, ಬರಿಯ ಹಲಗೆಯಂಥ ಬೆನ್ನುಳ್ಳ ಲಾರಿಗಳ ಮೇಲೆ ಹೋಗಿಬರುತ್ತವೆ. ಜನ ಟ್ರೈಲರ್ ಎಂದು ಕರೆಯುವುದು ಇವನ್ನೇ. ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೂ ಟ್ರೈಲರಿಗೂ ಏನು ಸಂಬಂಧವೆಂದು ತಾವು ಕೇಳಬಹುದು. ಆ ಸಂಬಂಧ ಬೆಳೆದದ್ದು ಕಾರ್ಕಳದ ಮೂಲಕ.

ಕಾರ್ಕಳದ ಗೊಮ್ಮಟನನ್ನು ವೀರಪಾಂಡ್ಯ ಭೈರರಸನು ಪ್ರತಿಷ್ಠಾಪಿಸಿದ್ದು 1432ರಲ್ಲಿ. ಸುಮಾರು 42 ಅಡಿಯ ಆ ವಿಗ್ರಹವನ್ನು ಇಪ್ಪತ್ತು ಕಬ್ಬಿಣದ ಬಂಡಿಗಳ ಮೇಲಿಟ್ಟು ಜನರು ಬೆಟ್ಟಕ್ಕೆ ಎಳೆದರೆಂಬ ಐತಿಹ್ಯವಿದೆ. ಹದಿನೇಳನೆಯ ಶತಮಾನದ ಚಂದ್ರಮ ಕವಿ ಈ ಗೊಮ್ಮಟನನ್ನು ಕುರಿತೇ ಒಂದು ಕಾವ್ಯ ಬರೆದಿದ್ದಾನೆ. ಅದೇ ಕಾರ್ಕಳದಲ್ಲಿ ಐದು ಶತಮಾನಗಳ ತರುವಾಯ ರೆಂಜಾಳ ಗೋಪಾಲ ಶೆಣೈಯವರು 39 ಅಡಿಯ ಇನ್ನೊಬ್ಬ ಬಾಹುಬಲಿಯನ್ನು ಕಡೆದರು. ಧರ್ಮಸ್ಥಳದ ರತ್ನವರ್ಮ ಹೆಗ್ಗಡೆಯವರ ಸಂಕಲ್ಪವದು. 1973ರಲ್ಲಿ ಆ ಏಕಶಿಲೆ 64 ಗಾಲಿಗಳ ಟ್ರೈಲರಿನ ಮೇಲೆ ಕಾರ್ಕಳದಿಂದ ಧರ್ಮಸ್ಥಳಕ್ಕೆ ಸಾಗಿತು. ಅದರ ಪ್ರತಿಷ್ಠೆ ನಡೆದದ್ದು 1982ರಲ್ಲಿ.

ಒಮ್ಮೆ ತರಗತಿಯಲ್ಲಿ ಈ ಕಥೆಯನ್ನು ತುಸು ಹೆಮ್ಮೆಯಿಂದಲೇ ಹೇಳುತ್ತಿದ್ದೆ. ಅರಸನ ಹೆಸರು, ಕವಿಯ ಹೆಸರು, ಶಿಲ್ಪಿಯ ಹೆಸರು, ಗಾಲಿಗಳ ಲೆಕ್ಕ ಎಲ್ಲವೂ ಆಯಿತು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು, “ಡ್ರೈವರ್ ಯಾರು ಸಾರ್?” ಎಂದ. ತರಗತಿ ನಕ್ಕಿತು. ನಾನೂ ನಕ್ಕೆನೆಂದು ಹೇಳಲು ಇಂದು ನಾಚಿಕೆಯಾಗುತ್ತದೆ. ಹುಡುಗ ನಗಲಿಲ್ಲ. ಅವನ ತಂದೆ ಟ್ರೈಲರ್ ಓಡಿಸುವವರೆಂದು ಆಮೇಲೆ ತಿಳಿಯಿತು. ಇದ್ದದ್ದು ನಮ್ಮ ನಾಗಸಂದ್ರದಲ್ಲೇ, ನಾಲ್ಕು ಬೀದಿಗಳಾಚೆ. ಮುಂದಿನ ಭಾನುವಾರ ನಾನೇ ಅವರ ಮನೆಗೆ ಹೋದೆ.

ಅವರು ಕ್ಲೀನರ್ ಆಗಿ ಸೇರಿ, ಏಳು ವರ್ಷ ಸರಪಳಿ ಬಿಗಿದು, ಆಮೇಲೆ ಸ್ಟಿಯರಿಂಗ್ ಹಿಡಿದವರು. “ಮುಂದೆ ನೋಡಿ ಓಡಿಸೋದು ಎಲ್ಲರಿಗೂ ಬರುತ್ತೆ ಮೇಷ್ಟ್ರೇ, ಬೆನ್ನ ಮೇಲಿರೋದು ಏನು ಮಾಡ್ತಿದೆ ಅಂತ ಗೊತ್ತಾಗಬೇಕು” ಎಂದರು. ಉಕ್ಕಿನ ಸುರುಳಿ ಉರುಳುವ ವಸ್ತು. ಗಕ್ಕನೆ ಬ್ರೇಕು ಹಾಕಿದರೆ ಲಾರಿ ನಿಂತರೂ ಅದು ನಿಲ್ಲಲೊಲ್ಲದು, ಕ್ಯಾಬಿನ್ನಿನ ಕಡೆಗೇ ನುಗ್ಗುತ್ತದೆ. ಆದ್ದರಿಂದ ಅಡಿಗೆ ಮರದ ತುಂಡುಗಳನ್ನು ಒತ್ತುಕೊಟ್ಟು, ಮೇಲೆ ಸರಪಳಿ ಬಿಗಿಯಬೇಕು. ಹೊರಟ ಕೆಲವು ಮೈಲಿಗಳಲ್ಲಿ ಭಾರವು ಕುಳಿತುಕೊಂಡು ಸರಪಳಿ ಸಡಿಲಾಗುತ್ತದೆ. ಇಲ್ಲಿಂದ ಹೊರಟರೆ ಅವರು ನೆಲಮಂಗಲದ ಹೊತ್ತಿಗೆ ತಪ್ಪದೆ ಇಳಿದು, ಒಂದೊಂದು ಕೊಂಡಿಯನ್ನೂ ಕೈಯಿಂದ ಮುಟ್ಟಿ ನೋಡುತ್ತಿದ್ದರಂತೆ. ಮಳೆ ಬಂದರೆ ನಡುರಾತ್ರಿಯಲ್ಲಿ ಟಾರ್ಪಾಲು ಹೊದಿಸುವುದು ಬೇರೆ. ತಗಡಿಗೆ ತುಕ್ಕು ಹಿಡಿದರೆ ನಷ್ಟ ಅವರ ಬಾಟಾದಲ್ಲಿ ಮುರಿದುಕೊಳ್ಳುವ ಮಾಲಿಕರೂ ಇದ್ದರು.

ಎಲ್ಲಕ್ಕಿಂತ ಅವರನ್ನು ದಣಿಸಿದ್ದು ಕಾಯುವಿಕೆ. ಹಗಲು ಹೊತ್ತು ನಗರದೊಳಗೆ ಭಾರಿ ವಾಹನಗಳಿಗೆ ಪ್ರವೇಶವಿಲ್ಲದಾಗ ರಸ್ತೆಯ ಬದಿಯಲ್ಲಿ ಬಿಸಿಲಿಗೆ ಕಾದ ಕ್ಯಾಬಿನ್ನಿನೊಳಗೆ ಮಲಗಿ, ಊರು ಮಲಗುವ ವೇಳೆಗೆ ಎದ್ದು ಹೊರಡಬೇಕು. 1961ರಲ್ಲಿ ಬಂದ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನು ಹಾಕಿತ್ತು, ನಿಜ. ಆದರೆ ಐವರಿಗಿಂತ ಕಡಿಮೆ ಕೆಲಸಗಾರರಿದ್ದ ಕಡೆ ಅದು ತಾನಾಗಿ ಅನ್ವಯಿಸುತ್ತಿರಲಿಲ್ಲ. ಒಂದು ಲಾರಿ, ಒಬ್ಬ ಡ್ರೈವರ್, ಒಬ್ಬ ಕ್ಲೀನರ್ ಇದ್ದ ಮಾಲಿಕನನ್ನು ಅದು ಹೇಗೆ ಮುಟ್ಟೀತು? ಕಬ್ಬಿಣದ ಸಲಾಕಿಗಳು ಲಾರಿಯ ಹಿಂದಕ್ಕೆ ಚಾಚಿಕೊಂಡಿರಲು ಇದ್ದ ಅವಕಾಶ ರದ್ದಾದದ್ದು 2014ರಲ್ಲಿ. ಅದಕ್ಕೆ ಮೊದಲು ಕತ್ತಲಲ್ಲಿ ಆ ತುದಿಗಳಿಗೆ ಬಂದು ಬಡಿದವರ ಕಥೆಗಳನ್ನು ಅವರು ತಗ್ಗಿದ ದನಿಯಲ್ಲಿ ಹೇಳಿದರು. ಹೊಸ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾದದ್ದು 2025ರ ಅಕ್ಟೋಬರಿನಿಂದ. ಅಷ್ಟರಲ್ಲಿ ಅವರು ಕೆಲಸ ಬಿಟ್ಟಿದ್ದರು. ಗೊರಗುಂಟೆಪಾಳ್ಯದಿಂದ ನಮ್ಮ ನಾಗಸಂದ್ರದವರೆಗಿನ ಮೇಲುಸೇತುವೆ 2021ರ ಡಿಸೆಂಬರಿನಲ್ಲಿ ಮುಚ್ಚಿತಷ್ಟೆ. ಭಾರಿ ವಾಹನಗಳು ಮತ್ತೆ ಅದನ್ನು ಏರಿದ್ದು 2024ರ ಜುಲೈಯಲ್ಲಿ. ಆ ಎರಡೂವರೆ ವರ್ಷ ಜಾಲಹಳ್ಳಿ ಕ್ರಾಸು, ದಾಸರಹಳ್ಳಿಗಳ ಸಂದಣಿಯಲ್ಲಿ ನಾವು ಲಾರಿಗಳನ್ನು ಬೈದೆವು. ಲಾರಿಯೊಳಗೆ ಕುಳಿತವನು ಯಾರನ್ನು ಬೈಯಬೇಕಿತ್ತೋ!

ನಮ್ಮ ಭಾರತಗಳಲ್ಲಿ ಕರ್ಣನಿಗೆ ಸಾರಥಿಯಾಗೆಂದಾಗ ಶಲ್ಯನು ಸಿಡಿದೇಳುವ ಪ್ರಸಂಗವಿದೆ. ಕೃಷ್ಣನೇ ಎದುರಿನ ರಥದಲ್ಲಿ ಹಗ್ಗ ಹಿಡಿದಿದ್ದರೂ ಆ ಅಸಡ್ಡೆ ಹೋಗಲಿಲ್ಲ. ಈಜೀಪುರದ ಕೋದಂಡರಾಮ ವಿಗ್ರಹದ ಏಕಶಿಲೆ ತಿರುವಣ್ಣಾಮಲೈ ಜಿಲ್ಲೆಯಿಂದ 2018ರ ಡಿಸೆಂಬರಿನಲ್ಲಿ ಹೊರಟು 2019ರ ಜೂನಿನಲ್ಲಿ ಬೆಂಗಳೂರು ಸೇರಿದಾಗ, ದಿನವೂ ಪತ್ರಿಕೆ ಓದುತ್ತಿದ್ದ ನನ್ನ ಮನಸ್ಸಿನಲ್ಲಿ ಉಳಿದದ್ದು 240 ಗಾಲಿಗಳೆಂಬ ಅಂಕಿಯೊಂದೇ. ಹುಡುಗನ ಪ್ರಶ್ನೆಯಿಂದ ನಾನು ಕಲಿತದ್ದು ಅಷ್ಟೇ!

ಸುಖವೇನಿತ್ತು ಈ ಕೆಲಸದಲ್ಲಿ ಎಂದು ಅವರನ್ನು ಕೇಳಿದ್ದೆ. ಆಗ ಉತ್ತರ ಕೊಡಲಿಲ್ಲ. ಕಳೆದ ವರ್ಷ ನಾವಿಬ್ಬರೂ ಒಂದು ಮದುವೆಗೆಂದು ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಹೋದೆವು. ಬೆಟ್ಟಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಅವರು ನನ್ನ ಮೊಣಕೈ ಹಿಡಿದು, “ಆ ಸಾಲಲ್ಲಿ ಎಡಗಡೆಯಿಂದ ಮೂರನೇದು ನೋಡಿ ಮೇಷ್ಟ್ರೇ, ಅದರ ಕಂಬ ನಮ್ಮ ಗಾಡೀಲಿ ಹೋದದ್ದು” ಎಂದರು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಕತ್ತು ಹೊರಳಿಸಿ ಅದನ್ನೇ ನೋಡುತ್ತಿದ್ದರು.