ವಿಳಾಸ ಕೊಟ್ಟೋರು ಯಾರು? ಗಿಟ್ ಕಲಿತ ಪಾಠ

ಠಾಣೆಯ ಕೋಪರಿಗೆ ಪಾರ್ಸೆಲ್ ತಂದ ಕೊರಿಯರ್ ಹುಡುಗನನ್ನ ನೆನೆಸಿಕೊಳ್ಳಿ. ಬೀಗ ಹಾಕಿದ ಬಾಗಿಲ ಮೇಲೆ ಒಂದು ಚೀಟಿ: "ಐರೋಲಿಗೆ ಮನೆ ಬದಲಾಯಿಸಿದ್ದೀವಿ, ಅಲ್ಲಿಗೆ ಬನ್ನಿ." ಹೋಗ್ತಾನೆ, ತಪ್ಪೇನಿಲ್ಲ. ಆದ್ರೆ ಚೀಟಿಯಲ್ಲಿ "ನಿಮ್ಮ ಆಫೀಸಿನ ಬೀರು ತೆಗೆದು, ಒಳಗಿರೋದನ್ನ ತಗೊಂಡು ಬನ್ನಿ" ಅಂತಿದ್ರೆ? ನಮ್ಮ ಟೂಲ್‌ಗಳು ಒಂದು ಕಾಲದಲ್ಲಿ ಇಂಥ ಚೀಟಿಯನ್ನೂ ಕಣ್ಮುಚ್ಚಿ ಪಾಲಿಸ್ತಿದ್ವು.

2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಶುರು ಮಾಡಿದ ಗಿಟ್, ಎಚ್‌ಟಿಟಿಪಿ ಕೆಲಸಕ್ಕೆ ಲಿಬ್‌ಕರ್ಲ್ ಎಂಬ ಲೈಬ್ರರಿಯನ್ನ ನಂಬಿದೆ. ಆ ಕರ್ಲ್, ಸರ್ವರ್ ರಿಡೈರೆಕ್ಟ್ ಅಂದ್ರೆ ಯಾವ ಪ್ರೋಟೋಕಾಲ್‌ಗಾದ್ರೂ ಹೋಗ್ತಿತ್ತು. ನಿಮ್ಮದೇ ಮಷೀನಿನ ಫೈಲ್ ಓದು ಅಂದ್ರೂ ಓದ್ತಿತ್ತು. 2009ರ ಮಾರ್ಚ್‌ನಲ್ಲಿ ಬಂದ 7.19.4 ಆವೃತ್ತಿ ಇದನ್ನ ತಡೆದು, ರಿಡೈರೆಕ್ಟ್‌ಗೆ ಅನುಮತಿ ಇರೋ ಪ್ರೋಟೋಕಾಲ್‌ಗಳನ್ನ ಬೇರೆಯಾಗಿ ಹೇಳೋ ಆಪ್ಶನ್ ಕೊಟ್ಟಿತು.

ಗಿಟ್ ಅದನ್ನ ಬಳಸಿದ್ದು 2015ರ ಸೆಪ್ಟೆಂಬರ್ ಕೊನೆಯಲ್ಲಿ, 2.6.1ರಲ್ಲಿ. ಬ್ಲೇಕ್ ಬರ್ಕ್‌ಹಾರ್ಟ್ ಮತ್ತು ಜೆಫ್ ಕಿಂಗ್ ಬರೆದ ಪ್ಯಾಚ್‌ಗಳು ರಿಡೈರೆಕ್ಟನ್ನ ಎಚ್‌ಟಿಟಿಪಿ, ಎಫ್‌ಟಿಪಿ ಮತ್ತು ಅವುಗಳ ಸುರಕ್ಷಿತ ರೂಪಗಳಿಗೆ ಸೀಮಿತ ಮಾಡಿದ್ವು. ಒಟ್ಟು 20 ರಿಡೈರೆಕ್ಟ್‌ಗೆ ಮಿತಿಯೂ ಬಂತು. ಕಮ್ಯಾಂಡ್ ಓಡಿಸಬಲ್ಲ "ಎಕ್ಸ್‌ಟ್" ಟ್ರಾನ್ಸ್‌ಪೋರ್ಟ್ ಸಬ್‌ಮಾಡ್ಯೂಲ್ ಮೂಲಕ ನುಸುಳದಂತೆ ಬೇಲಿ ಹಾಕಿದ್ದೂ ಆಗಲೇ.

ಆದ್ರೆ ಪ್ರೋಟೋಕಾಲ್ ಪಟ್ಟಿ ಮಾತ್ರ ಸಾಲಲ್ಲ. ಯಾನ್ ಹಾರ್ನ್ ತೋರಿಸಿದ ಅಪಾಯ ನೋಡಿ. ಕೆಟ್ಟ ಸರ್ವರ್ ಮೊದಲು ತನ್ನ ರೆಪೋ ತೋರಿಸಿ, ಆಬ್ಜೆಕ್ಟ್ ಕೇಳುವಾಗ ನಿಮ್ಮನ್ನ ಕಂಪನಿಯ ಒಳಗಿನ ಸರ್ವರ್‌ಗೆ ತಿರುಗಿಸಬಹುದು. ಪ್ರೋಟೋಕಾಲ್ ಅದೇ ಎಚ್‌ಟಿಟಿಪಿ. ಹೀಗೆ ಸೇರಿಕೊಂಡ ಒಳಗಿನ ಕೋಡನ್ನ ನೀವೇ ವಾಪಸ್ ಪುಶ್ ಮಾಡಿದ್ರೆ ಗುಟ್ಟು ಹೊರಗೆ.

2017ರ ಫೆಬ್ರವರಿಯ 2.12ರಲ್ಲಿ ಉತ್ತರ ಸಿಕ್ತು. ಡೀಫಾಲ್ಟ್ ಆಗಿ ಮೊದಲ ವಿನಂತಿಯ ರಿಡೈರೆಕ್ಟ್ ಮಾತ್ರ ಒಪ್ಪೋದು, ಅದನ್ನೂ ಬಳಕೆದಾರರಿಗೆ ತಿಳಿಸೋದು. ಜೊತೆಗೆ ಪ್ರತಿ ಪ್ರೋಟೋಕಾಲ್‌ಗೂ "ಯಾವಾಗಲೂ", "ಬೇಡವೇ ಬೇಡ", "ಬಳಕೆದಾರ ಹೇಳಿದ್ರೆ ಮಾತ್ರ" ಅನ್ನೋ ಮೂರು ನಿಯಮ ಬಂದ್ವು. ನೀವೇ ಟೈಪ್ ಮಾಡಿದ ಎಫ್‌ಟಿಪಿ ವಿಳಾಸ ಸರಿ. ಸರ್ವರ್ ತಿರುಗಿಸಿದ ಎಫ್‌ಟಿಪಿ ಬೇಡ. ಅಂದ್ರೆ ಪ್ರಶ್ನೆಯೇ ಬದಲಾಯ್ತು: "ಯಾವ ಪ್ರೋಟೋಕಾಲ್?" ಅನ್ನೋದರ ಜೊತೆಗೆ "ವಿಳಾಸ ಕೊಟ್ಟೋರು ಯಾರು?"

2022ರ ಅಕ್ಟೋಬರ್‌ನಲ್ಲಿ 2.38.1 ಇದೇ ನಿಯಮವನ್ನ "ಫೈಲ್" ಟ್ರಾನ್ಸ್‌ಪೋರ್ಟ್‌ಗೂ ಹಾಕಿತು. ಸಬ್‌ಮಾಡ್ಯೂಲ್ ತರುವಾಗ "ಟ್ರಾನ್ಸ್‌ಪೋರ್ಟ್ ಫೈಲ್ ನಾಟ್ ಅಲೌಡ್" ಅಂತ ಬಿಲ್ಡ್ ನಿಂತಿದ್ದು ನೆನಪಿದೆಯಾ? ಆಗ ಗ್ಲೋಬಲ್ ಸೆಟ್ಟಿಂಗ್‌ನಲ್ಲಿ "ಯಾವಾಗಲೂ" ಅಂತ ಹಾಕಿ ಮುಂದೆ ಹೋಗಿದ್ರೆ, ದಯವಿಟ್ಟು ಇವತ್ತೇ ತೆಗೀರಿ. ಬೇಕಾದ ಆ ಒಂದು ಕಮ್ಯಾಂಡ್‌ಗೆ ಮಾತ್ರ ಅನುಮತಿ ಕೊಡಿ.

ಬೇರೆಯವರು ಕೊಟ್ಟ ವಿಳಾಸವನ್ನ ಕ್ಲೋನ್ ಮಾಡೋ ಬಿಲ್ಡ್ ಸರ್ವರ್ ನಿಮ್ಮ ಕೈಲಿದ್ರೆ, "ಗಿಟ್ ಪ್ರೋಟೋಕಾಲ್ ಫ್ರಮ್ ಯೂಸರ್" ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 0 ಹಾಕಿ. ಆ ಮಷೀನಲ್ಲಿ ನಮ್ಮ ಇಡೀ ಟೀಮಿನ ಕೀಗಳಿರುತ್ತವೆ, ಸ್ವಾಮಿ. ಮುಂದಿನ ವಿಡಿಯೋದಲ್ಲಿ ಸಿಗೋಣ.